ಒಂದು ಕಾಜಾ ಬಾಕಿ

ಟೈಲರ್ ಮಾಸ್ಟರು ತೀರಿಕೊಂಡರಂತೆ ಎಂದು ಎದುರು ಸಾಲಿನ ಹೂವಿನವಳು ಬಂದು ಹೇಳಿದಾಗ ನಾನು ನಂಬಲಿಲ್ಲ. ಯಾರು ಹೇಳಿದರು, ನೀನು ಕಣ್ಣಾರೆ ನೋಡಿದೆಯಾ ಎಂದು ಅವಳನ್ನೇ ಗದರಿಸಿದೆ. ಆ ಮನುಷ್ಯನ ವಿಷಯದಲ್ಲಿ ಯಾವುದನ್ನೂ ಮೊದಲ ಮಾತಿಗೇ ನಂಬಿದವಳಲ್ಲ ನಾನು. ನಂಬಿಕೆ ಬರುವ ಹಾಗೆ ಅವರೂ ನಡೆದುಕೊಂಡವರಲ್ಲ. ನಾಳೆ ಕೊಡುತ್ತೇನೆ ಎಂದ ಬಟ್ಟೆಯನ್ನು ಅವರು ನಾಳೆ ಕೊಟ್ಟದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕಿರುವುದಿಲ್ಲ, ಗಿರಾಕಿ ಬಂದು ನಿಂತರೆ ತಲೆ ಎತ್ತದೆ, "ಎಲ್ಲಾ ಆಗೋಗದೆ ಕಣ್ರಿ, ಕಾಜಾ ಒಂದ್ ಬಾಕಿ, ನಾಳೆ ಬನ್ನಿ" ಎನ್ನುವರು. ಗುಂಡಿ ಹಾಕುವ ತೂತಿಗೆ ದಾರ ಸುತ್ತುವ ಕಾಜಾ ಕೆಲಸ ಅಂಗಿಯಲ್ಲಿ ಕಟ್ಟಕಡೆಗೆ ಬರುವಂಥದ್ದು. ಅದೊಂದು ಬಾಕಿ ಎಂದರೆ ಗಿರಾಕಿ ಸಮಾಧಾನ ಮಾಡಿಕೊಂಡು ಹೋಗುತ್ತಾನೆ. ಲಂಗ ಕೇಳಲು ಬಂದವಳಿಗೂ ಇವರು ಅದನ್ನೇ ಹೇಳುತ್ತಿದ್ದರು. ಲಂಗಕ್ಕೆ ಎಲ್ಲಿಯ ಕಾಜಾ?

ಸುಳ್ಳು ಹೇಳುವಾಗ ಅವರ ದನಿ ಮೆತ್ತಗಾಗುತ್ತಿತ್ತು, ಕಣ್ಣು ಸೂಜಿಯ ಮೇಲಿರುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವರ ಮಿಷನ್ನಿಗೂ ನನ್ನ ಗಲ್ಲಾಕ್ಕೂ ನಡುವೆ ಇದ್ದದ್ದು ಒಂದು ಮರದ ಬಾಗಿಲು, ಅದೂ ಸರಿಯಾಗಿ ಮುಚ್ಚದ್ದು. ನಮ್ಮದು ಕೊಳ್ಳೇಗಾಲದ ನೇಕಾರರ ಬೀದಿಯ ಮನೆ. ಹಿಂದೆ ಮಗ್ಗ, ನಡುವೆ ನಾವು, ಮುಂದೆ ರೇಷ್ಮೆ ಸೀರೆ ಅಂಗಡಿ. ಅಂಗಡಿಗೆ ಅಂಟಿಕೊಂಡ ಸಣ್ಣ ಕೋಣೆಯನ್ನು ಅಪ್ಪ ಅವರಿಗೆ ಬಿಟ್ಟುಕೊಟ್ಟಿದ್ದರು. ಸೀರೆ ಅಂಗಡಿಯಲ್ಲಿ ಕೂತವರಿಗೆ ಒಂದು ಅಭ್ಯಾಸ ಬೆಳೆದುಬಿಡುತ್ತದೆ. ಬಂದವರ ಮುಖ ಆಮೇಲೆ, ಮೊದಲು ಕೈ ನೋಡುತ್ತೇವೆ. ಯಾವ ಕೈ ಸೀರೆಯನ್ನು ಮುಟ್ಟಿ ಬಿಡುತ್ತದೆ, ಯಾವ ಕೈ ಸೆರಗಿನೊಳಗೆ ಹೋಗುತ್ತದೆ ಎಂದು. ನಾನು ಮಾಸ್ಟರನ್ನು ಅಷ್ಟು ವರ್ಷ ನೋಡಿದ್ದೂ ಹಾಗೆಯೇ. ಅವರ ಮುಖ ಈಗ ಸ್ವಲ್ಪ ಮಸುಕಾಗಿದೆ, ಕೈ ಮಾತ್ರ ಹಾಗೇ ಕಣ್ಣ ಮುಂದಿದೆ.

ಹನೂರಿನಿಂದಾಚೆ, ತಮಿಳುನಾಡಿನ ಗಡಿಗೆ ತಾಗಿದ ಹಳ್ಳಿಯವರು. ಮನೆಯಲ್ಲಿ ಎರಡು ಭಾಷೆ, ಬಾಯಲ್ಲಿ ಎರಡೂ ಬೆರೆತದ್ದು. ಹಾಡಿಗೆ ಪಾಟು ಎನ್ನುವರು, ನನ್ನನ್ನು ತಂಗಚ್ಚಿ ಎನ್ನುವರು. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಮೊದಲ ಸಲ ಹಾಗೆ ಕರೆದರು. ಒಡಹುಟ್ಟಿದ್ದಲ್ಲ, ನೆಂಟಸ್ತಿಕೆಯಲ್ಲ, ಸುಮ್ಮಸುಮ್ಮನೆ ತಂಗಿ ಅನ್ನುವವನಿಗೆ ಏನೋ ಬೇಕಾಗಿರುತ್ತದೆ ಅಂತ ಆಗಲೇ ಅನ್ನಿಸಿತ್ತು ನನಗೆ. ಊರಿನ ಹುಡುಗರಿಗೆಲ್ಲ ಕಿವಿ ಮುಟ್ಟುವ ಕಾಲರು ಹೊಲಿಯುತ್ತಿದ್ದ ಈ ಮನುಷ್ಯ ತಾನು ಮಾತ್ರ ಕಾಲರೇ ಇಲ್ಲದ ಬಿಳಿ ಜುಬ್ಬ ಹಾಕುತ್ತಿದ್ದರು. ಅದೂ ನನಗೆ ಸರಿ ಕಾಣುತ್ತಿರಲಿಲ್ಲ. ಹೋಟೆಲಿನವನು ತನ್ನ ಹೋಟೆಲಿನಲ್ಲಿ ಉಣ್ಣದಿದ್ದರೆ ನಮಗೆ ಅನುಮಾನ ಬರುವುದಿಲ್ಲವೇ? ಕೊರಳಲ್ಲಿ ಅಳತೆ ಟೇಪು ಸದಾ ಇರುತ್ತಿತ್ತು, ಊಟಕ್ಕೂ, ದೇವಸ್ಥಾನಕ್ಕೂ.

ಆಗ ಊರಿಗೆ ಡಿಸ್ಕೋ ಬಂದಿತ್ತು. ಕ್ಯಾಸೆಟ್ಟಿನಲ್ಲಿ ಬಂತೋ, ಲಾರಿಯವರ ಟೇಪ್ ರೆಕಾರ್ಡರಿನಲ್ಲಿ ಬಂತೋ ಹೇಳಲಾರೆ. ಅದಕ್ಕೂ ಮೊದಲು ಗಿಟಾರಿನ ಹಾಡುಗಳ ಕಾಲ. ಆಗಿನ ಬೆಲ್‌ಬಾಟಮ್ಮಿನಲ್ಲಿ ಹುಡುಗರು ಬೀದಿ ಗುಡಿಸಿಕೊಂಡೇ ನಡೆಯುತ್ತಿದ್ದರು. ಡಿಸ್ಕೋ ಬಂದ ಮೇಲೆ ಮೈಗಂಟುವ ಮಿರಮಿರ ಅಂಗಿ, ನಾಯಿ ಕಿವಿಯಂಥ ಕಾಲರು. ಆಮೇಲೆ ಬ್ರೇಕ್‌ಡ್ಯಾನ್ಸು, ಅದರ ಹಿಂದೆಯೇ ನೆರಿಗೆ ನೆರಿಗೆಯ ಜೋಲು ಪ್ಯಾಂಟು. ಯಾವ ಹಾಡು ಬಂದರೆ ಯಾವ ಬಟ್ಟೆ ಬರುತ್ತದೆ ಎಂದು ಮಾಸ್ಟರಿಗೆ ಮೊದಲೇ ತಿಳಿಯುತ್ತಿತ್ತು. ಹೊಸ ಕ್ಯಾಸೆಟ್ಟು ಕೇಳುತ್ತ, ದಾರ ಪೋಣಿಸದ ಮಿಷನ್ನನ್ನು ಬರಿದೇ ತುಳಿಯುವರು. "ಈ ಪಾಟ್ಗೆ ಕಾಲು ಬಿಗಿ ಇರ್ಬಾರ್ದು, ಮೊಣಕಾಲ್ ಉಸ್ರಾಡ್ಬೇಕು" ಎನ್ನುವರು. ಪ್ಯಾಂಟು ಟ್ರಯಲ್ಲಿಗೆ ಬಂದ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ, ಕತ್ತರಿಯಿಂದ ಮೇಜು ಬಡಿದು ಕುಣಿಸುವರು. ಬಟ್ಟೆ ತಾಳಕ್ಕೆ ಬೀಳಬೇಕಂತೆ. ಗುಮಾಸ್ತರ ಮಗ, ಪುರೋಹಿತರ ಮಗ, ಎಲ್ಲರೂ ನಮ್ಮ ಜಗಲಿಯ ಮೇಲೆ ಕುಣಿದವರೇ. ಅಪ್ಪನಿಗೆ ಮೈ ಉರಿಯುತ್ತಿತ್ತು. ಅಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹನೂರು, ಯಳಂದೂರು, ಮಾದಪ್ಪನ ಬೆಟ್ಟ, ಎಲ್ಲಿ ಆರ್ಕೆಸ್ಟ್ರಾ ಇದ್ದರೂ ಮಾಸ್ಟರು ಮುಂದಿನ ಸಾಲಿನಲ್ಲಿರುತ್ತಿದ್ದರು. ಹಾಡುವವನ ಮುಖ ನೋಡುತ್ತಿರಲಿಲ್ಲ, ಮೊಣಕಾಲಿಂದ ಕೆಳಗೆ ಕಣ್ಣು. ಒಮ್ಮೆ ಬೆಟ್ಟಕ್ಕೆ ತಮಿಳುನಾಡಿನ ಕಡೆಯಿಂದ ಒಂದು ಪಾರ್ಟಿ ಬಂದಿತ್ತು. ಲಾಡ್ಜಿನ ಹಿಂದೆ ಮಧ್ಯಾಹ್ನ ಒಣಗಲು ಹಾಕಿದ್ದ ಗಾಯಕನ ಪ್ಯಾಂಟು ಕಾಣೆಯಾಯಿತು. ಗಲಾಟೆಯೋ ಗಲಾಟೆ. ಸಂಜೆಗೆ ನೋಡಿದರೆ ಅದೇ ಹಗ್ಗದ ಮೇಲೆ ಅದೇ ಪ್ಯಾಂಟು. ಗಾಯಕ ಅದನ್ನೇ ಹಾಕಿಕೊಂಡು ವೇದಿಕೆ ಹತ್ತಿದ. ಲೈಟು ಬಿದ್ದದ್ದೇ ತಡ, ಅವನ ಕಾಲಿನ ಎರಡೂ ಹೊಲಿಗೆ ಗೆರೆ ಎಳೆದ ಹಾಗೆ ಮಿನುಗಿತು. ಯಾರೋ ಅದನ್ನು ಪೂರ್ತಿ ಬಿಚ್ಚಿ, ರೇಷ್ಮೆ ದಾರದಲ್ಲಿ ಮತ್ತೆ ಹೊಲಿದಿದ್ದರು. ಪ್ಯಾಂಟಿಗೆ ರೇಷ್ಮೆ ದಾರ ಹಾಕುವವನು ಲೋಕದಲ್ಲಿ ಎಲ್ಲಿದ್ದಾನೆ? ಮಗ್ಗದಲ್ಲಿ ಉಳಿದ ದಾರವನ್ನು ಜೇಬಲ್ಲಿ ಇಟ್ಟುಕೊಂಡು ಓಡಾಡುವವರು ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದದ್ದು. ನಾನು ಬಿಡಲಿಲ್ಲ, ಕೇಳಿಯೇಬಿಟ್ಟೆ.

"ಕದ್ದಿರಾ ಮಾಸ್ಟ್ರೇ?"

"ಕದಿಯದ್ ಯಾಕ ತಂಗಚ್ಚಿ? ಪುಸ್ತಕದಂಗೆ ಬಿಚ್ಚಿ ಓದ್ದೆ, ತಿರ್ಗಾ ಮಡಗ್ದೆ."

ಆ ವರ್ಷ ಕೊಳ್ಳೇಗಾಲದ ಹುಡುಗರ ಪ್ಯಾಂಟೆಲ್ಲ ಆ ಗಾಯಕನ ಪ್ಯಾಂಟಿನ ಹಾಗೆಯೇ ಇದ್ದವು.

ಈಗ ನಮ್ಮಣ್ಣನ ವಿಷಯಕ್ಕೆ ಬರಬೇಕು. ನನಗಿದ್ದ ಒಬ್ಬನೇ ಅಣ್ಣ. ಮಗ್ಗಕ್ಕೆ ಕೂತರೆ ಬೆನ್ನು ನೋವು ಎನ್ನುತ್ತಿದ್ದ, ಮೈಕು ಕೊಟ್ಟರೆ ಬೆಳಗಿನತನಕ ನಿಲ್ಲುತ್ತಿದ್ದ. ಅವನೂ ಮೂವರು ಗೆಳೆಯರೂ ಸೇರಿ ಆರ್ಕೆಸ್ಟ್ರಾ ಪಾರ್ಟಿ ಕಟ್ಟಿಕೊಂಡಿದ್ದರು. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ಸೀರೆಯ ಬಣ್ಣ ಕೆಟ್ಟಿತು. ಅರಿಸಿನ ಬರಬೇಕಾದದ್ದು ಅತ್ತ ಹಳದಿಯಲ್ಲ ಇತ್ತ ಹಸಿರಲ್ಲ, ಮಾವಿನಕಾಯಿ ಹಣ್ಣಾಗಲು ಶುರುವಾದ ಬಣ್ಣ. ನೇಯಲು ಹೇಳಿದ್ದ ಸಾಹುಕಾರರು ಬೇಡ ಎಂದರು. ಅಪ್ಪ ಎರಡನ್ನೂ ಮೂಲೆಗೆ ಎಸೆದರು. ಅಣ್ಣ ಎತ್ತಿಕೊಂಡು ಹೋಗಿ ಮಾಸ್ಟರ ಮೇಜಿನ ಮೇಲೆ ಹಾಕಿದ. ನಾಲ್ವರಿಗೂ ನಾಲ್ಕು ಅಂಗಿಯಾಯಿತು.

ಹನೂರಿನಲ್ಲಿ ಅವರ ಮೊದಲ ಪ್ರೋಗ್ರಾಮಿಗೆ ನಾನೂ ಅಮ್ಮನೂ ಹೋಗಿದ್ದೆವು. ದೀಪದ ಕೆಳಗೆ ಆ ಕೆಟ್ಟ ಬಣ್ಣ ಬಂಗಾರವಾಗಿ ಕಂಡಿತು. ಕಾಲರಿನ ಎರಡು ಚೂಪು ತುದಿ ಭುಜದತ್ತ ನೆಟ್ಟಗೆ ಚಾಚಿಕೊಂಡಿದ್ದವು, ಅಣ್ಣ ಎಷ್ಟೇ ಕುಣಿದರೂ, ಬೆವರಿದರೂ ಬಾಗಲಿಲ್ಲ. ರೇಷ್ಮೆ ಕಾಲರು ಹಾಗೆ ನಿಲ್ಲುವುದಿಲ್ಲ, ಜೋತು ಬೀಳುತ್ತದೆ. ನೇಕಾರರ ಮನೆಯವಳಿಗೆ ಅಷ್ಟೂ ತಿಳಿಯದೇ? ಒಳಗೆ ಏನಿಟ್ಟಿರಿ ಮಾಸ್ಟ್ರೇ ಎಂದು ಮರುದಿನವೇ ಕೇಳಿದೆ. "ಕ್ಯಾನ್ವಾಸು ಕಣ್ ತಂಗಚ್ಚಿ" ಎಂದರು. ದನಿ ಮೆತ್ತಗಿತ್ತು, ಕಣ್ಣು ಸೂಜಿಯ ಮೇಲಿತ್ತು.

ಅಣ್ಣನ ಹಾಡು ಹೆಚ್ಚು ಕಾಲ ನಡೆಯಲಿಲ್ಲ. ಮುಂದಿನ ಚಳಿಗಾಲಕ್ಕೆ ಕೆಮ್ಮು ಹಿಡಿಯಿತು. ದನಿ ಒಡೆಯಿತು. ಆಮೇಲೆ ಮೈಸೂರಿಗೆ ತೋರಿಸಿದೆವು, ಅಲ್ಲಿಂದ ಇಲ್ಲಿಗೆ ತಿರುಗಾಡಿದೆವು. ಅಷ್ಟು ಬೀಡಿ ಸೇದಿದರೆ ಶ್ವಾಸಕೋಶ ಏನಾಗಬೇಕು ಎಂದು ಡಾಕ್ಟರು ಅಮ್ಮನ ಮುಂದೆಯೇ ಅಂದರು. ಮದುವೆಗೆ ಹೆಣ್ಣು ನೋಡುವ ವಯಸ್ಸಿನಲ್ಲಿ ಹೋದ. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಎಲ್ಲವನ್ನೂ ಕಾವೇರಿಗೆ ಬಿಟ್ಟರು. ಈ ಒಂದು ಅಂಗಿಯನ್ನು ಮಾತ್ರ ಅಮ್ಮ ತನ್ನ ಸೀರೆಗಳ ನಡುವೆ ಬಚ್ಚಿಟ್ಟಳು. ನಮ್ಮ ಮಗ್ಗದ್ದು, ನದಿಗೆ ಕೊಡಲ್ಲ ಎಂದಳು. ಅಮ್ಮ ಹೋದ ಮೇಲೆ ಅದು ನನ್ನ ಬೀರುವಿಗೆ ಬಂತು. ಅಣ್ಣನದೆಂದು ನನ್ನ ಹತ್ತಿರ ಇರುವುದು ಅದೊಂದೇ. ಅದು ಹೋದರೆ ಅವನು ಹಾಡುತ್ತಿದ್ದ ಅನ್ನುವುದಕ್ಕೂ ಏನೂ ಉಳಿಯುವುದಿಲ್ಲ.

ಅದರ ಮೇಲೆ ಮಾಸ್ಟರ ಕಣ್ಣು ಬಿತ್ತು.

ಅಣ್ಣ ಹೋದ ವರ್ಷದಿಂದಲೇ ಶುರು. "ಆ ಅಂಗಿ ಒಂದ್ಸಲ ಕೊಡು ತಂಗಚ್ಚಿ, ನೋಡಿ ಕೊಡ್ತೀನಿ" ಎನ್ನುವರು. ಒಮ್ಮೆ, ನುಸಿ ಹಿಡಿದಿರುತ್ತದೆ ಎಂದರು. ಇನ್ನೊಮ್ಮೆ, ಗುಂಡಿ ಸಡಿಲವಾಗಿತ್ತು ಎಂದರು. ಮತ್ತೊಮ್ಮೆ, ಯಾರೋ ಅಂಥದ್ದೇ ಕೇಳುತ್ತಿದ್ದಾರೆ, ಅಳತೆ ಹಿಡಿಯಬೇಕು ಎಂದರು. ಒಂದೇ ಕೆಲಸಕ್ಕೆ ಒಬ್ಬ ಮನುಷ್ಯ ಇಷ್ಟು ಕಾರಣ ಹೇಳುತ್ತಾನೆಂದರೆ ಅಸಲಿ ಕಾರಣ ಬೇರೆ ಇರಬೇಕು. ಮಗ್ಗ ನಿಂತಿತು, ಜಗಲಿಯ ಕುಣಿತ ನಿಂತಿತು, ರೆಡಿಮೇಡು ಬಂದು ಅವರ ಕೆಲಸ ಸೊಂಟ ಬಿಡಿಸುವುದಕ್ಕೆ, ಜಿಪ್ಪು ಹಾಕುವುದಕ್ಕೆ ಇಳಿಯಿತು. ಆ ಕೇಳಿಕೆ ಮಾತ್ರ ನಿಲ್ಲಲಿಲ್ಲ. ಅವರು ಕೇಳಿದಾಗಲೆಲ್ಲ ನಾನು ಬೀರುವಿನ ಬೀಗ ಎಳೆದು ನೋಡಿ ಬರುತ್ತಿದ್ದೆ.

ಹೋದ ವರ್ಷ ಅಂಗಡಿಗೆ ಮೈಸೂರಿನಿಂದ ಒಂದು ಹುಡುಗಿ ಬಂದಳು. ಅವಳು ಹಾಕಿದ್ದ ಪ್ಯಾಂಟನ್ನೇ ನೋಡಿದೆ. ಅದೇ ಬೆಲ್‌ಬಾಟಮ್ಮು, ಬೀದಿ ಗುಡಿಸುವಂಥದ್ದು. ಸೀರೆ ತೋರಿಸಲು ಹೋದರೆ, "ಸೀರೆ ಬೇಡ ಆಂಟಿ, ಹಳೇ ಬಟ್ಟೆ ಇದ್ಯಾ? ವಿಂಟೇಜ್" ಎಂದಳು. ಹಳೆಯ ಬಟ್ಟೆ ಹುಡುಕಿ, ಒಗೆದು, ಫೋನಿನಲ್ಲಿ ಹಾಕಿ ಮಾರುತ್ತಾಳಂತೆ. ಅದು ಯಾವ ಹಾಡಿನ ಕಾಲದ್ದು ಎಂದು ಬರೆದು ಹಾಕಿದರೆ ಮುಗಿಬಿದ್ದು ಕೊಳ್ಳುತ್ತಾರಂತೆ. ಡಿಸ್ಕೋ ಕಾಲದ್ದು ಸಿಕ್ಕುವುದೇ ಇಲ್ಲ ಎಂದು ಮುಖ ಚಿಕ್ಕದು ಮಾಡಿಕೊಂಡಳು. ನನಗೆ ನಗು ಬಂತು. ಆಮೇಲೆ ಅವಳು ಹೇಳಿದ ಮಾತಿಗೆ ನಗು ನಿಂತುಹೋಯಿತು.

"ಯಳಂದೂರಲ್ಲಿ ಒಬ್ರು ತಾತನ ಹತ್ರ ರೇಷ್ಮೆದು ಇತ್ತಂತೆ ಆಂಟಿ. ಡ್ರಮ್ಸ್ ಹೊಡೀತಿದ್ರಂತೆ. ನಾನು ಹೋಗೋಷ್ಟ್ರಲ್ಲಿ ಇದೇ ಊರಿನ ಟೈಲರ್ ಬಂದು ತಗೊಂಡೋಗ್ಬಿಟ್ಟಿದ್ರು."

ಅಣ್ಣನ ಪಾರ್ಟಿಯ ನಾಲ್ಕು ಅಂಗಿಯಲ್ಲಿ ಒಂದು, ತೀರಿಕೊಂಡ ಇನ್ನೊಬ್ಬ ಗೆಳೆಯನ ಜೊತೆ ನದಿಗೆ ಹೋಗಿತ್ತು. ಮಧುವನಹಳ್ಳಿಯ ಗಿಟಾರಿನವನದ್ದು ಅವನ ಹೆಂಡತಿಯ ಕೈಯಲ್ಲಿ ಎಂದೋ ದಿಂಬಿನ ಚೀಲವಾಗಿ ಹರಿದಿತ್ತು. ಉಳಿದದ್ದು ಎರಡೇ, ಡ್ರಮ್ಸಿನವನದ್ದು ಮತ್ತು ನಮ್ಮದು. ನನಗೆ ಎಲ್ಲ ಹೊಳೆದುಹೋಯಿತು. ಮಾರಲು ಜೋಡಿ ಮಾಡುತ್ತಿದ್ದಾರೆ! ಅಷ್ಟು ವರ್ಷ ತಂಗಚ್ಚಿ ತಂಗಚ್ಚಿ ಅಂದದ್ದು ಇದಕ್ಕೆ. ಹುಡುಗಿಯನ್ನು ಅಲ್ಲೇ ಕೂರಲು ಹೇಳಿ ಪಕ್ಕದ ಕೋಣೆಗೆ ನುಗ್ಗಿದೆ.

"ಯಳಂದೂರಿಗೆ ಹೋಗಿದ್ದಿರಂತೆ ಮಾಸ್ಟ್ರೇ."

"ಓಗಿದ್ದೆ."

"ಅಂಗಿ ತಂದಿರಂತೆ."

ಅವರು ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಹಳೆ ಬಟ್ಟೆಯ ಗುಡ್ಡೆಯ ಕೆಳಗಿನಿಂದ ಆ ಅಂಗಿಯನ್ನು ಎಳೆದು ಮೇಜಿನ ಮೇಲೆ ಹಾಕಿದರು. ಕಾಲರಿನ ಹೊಲಿಗೆ ಬಿಚ್ಚಿತ್ತು. ಪಕ್ಕದಲ್ಲಿ ಕಪ್ಪಗಿನ ಎರಡು ತುಂಡು ಇಟ್ಟರು, ಚೂಪು ತುದಿಯವು. ನಾನು ಪ್ಲಾಸ್ಟಿಕ್ಕು ಎಂದುಕೊಂಡೆ.

"ಬೆಳಕ್ಗೆ ಇಡ್ದು ನೋಡು" ಎಂದರು.

ಹಿಡಿದೆ. ಅಡ್ಡಡ್ಡ ಬಿಳಿಯ ಪಟ್ಟಿಗಳು. ಪಕ್ಕೆಲುಬು. ಎಕ್ಸ್‌ರೇ ಫಿಲ್ಮನ್ನು ಕಾಲರಿನ ಆಕಾರಕ್ಕೆ ಕತ್ತರಿಸಿದ್ದರು.

ಆಗ ಹೇಳಿದರು, ಮೊದಲ ಸಲ ನನ್ನ ಮುಖ ನೋಡಿಕೊಂಡು. ರೇಷ್ಮೆ ಕಾಲರು ನಿಲ್ಲಲಿಲ್ಲವಂತೆ. ಕ್ಯಾನ್ವಾಸು ಬೆವರಿಗೆ ಮುದುಡಿತಂತೆ. ಪರಿಚಯದ ಕಾಂಪೌಂಡರೊಬ್ಬರು ಬೇಡವಾದ ಎರಡು ಫಿಲ್ಮು ಕೊಟ್ಟರಂತೆ, ಒಂದು ಎದೆಯದು, ಒಂದು ಕೈಯದು. ಎಲ್ಲ ಹೊಲಿದು ಕೊಟ್ಟ ಮೇಲೆ, ಆರ್ಕೆಸ್ಟ್ರಾ ನೋಡಲು ಬಂದ ಆ ಕಾಂಪೌಂಡರು ನಗುತ್ತ ಅಂದರಂತೆ, ಅದರಲ್ಲಿ ಎದೆಯದ್ದು ಸತ್ತವನದು, ಕೆಮ್ಮಿ ಕೆಮ್ಮಿ ಸತ್ತ, ಅದಕ್ಕೇ ಯಾರೂ ಕೇಳಿಕೊಂಡು ಬರಲಿಲ್ಲ ಎಂದು.

"ಯಾವ್ ಫಿಲ್ಮು ಯಾರ್ ಕಾಲರ್ಗೆ ಓಯ್ತು ಅಂತ ನಂಗೆ ಗ್ಯಾನ ಇಲ್ಲ ತಂಗಚ್ಚಿ. ಮುಂದಿನ್ ವರ್ಸ ನಿಮ್ಮಣ್ಣ ಕೆಮ್ಮಕ್ಕೆ ಸುರು ಮಾಡ್ದ. ಸತ್ತೋನ್ ಎದೆ ತಕಂಡೋಗಿ ಆಡೋ ಉಡ್ಗನ್ ಕೊಳ್ಗೆ ಕಟ್ಬುಟ್ನಲ್ಲಾ ಅಂತ..."

"ಬೀಡಿಯಿಂದ ಹೋದದ್ದು ಅವನು. ಡಾಕ್ಟರೇ ಹೇಳಿದರು."

"ಡಾಕ್ಟ್ರು ಏಳ್ತಾರೆ ಬುಡು."

"ಮತ್ತೆ ಇದು ಡ್ರಮ್ಸಿನವನ ಕಾಲರಿನಲ್ಲೇ ಇತ್ತಲ್ಲ. ಅವನು ಗುಂಡುಕಲ್ಲಿನ ಹಾಗಿದ್ದಾನೆ. ಮೊಮ್ಮಕ್ಕಳನ್ನು ಹೊತ್ತುಕೊಂಡು ತಿರುಗುತ್ತಾನೆ."

"ಎದೆದು ದೊಡ್ ಫಿಲ್ಮು. ಡ್ರಮ್ಸೋನ್ ಕಾಲರ್ಗೆ ಆಗಿ ಇನ್ನೂ ಉಳ್ದಿತ್ತು."

ನಾನು ಅನುಮಾನ ಬಿಟ್ಟೆನೆಂದು ತಿಳಿಯಬೇಡಿ. ಇದೂ ಒಂದು ಕಥೆ ಇರಬಹುದು ಎಂದು ಒಳಮನಸ್ಸು ಹೇಳುತ್ತಲೇ ಇತ್ತು. ಹುಡುಗಿಯನ್ನು ಇನ್ನೊಂದು ದಿನ ಬಾ ಎಂದು ಕಳಿಸಿದೆ, ಬೀರು ತೆಗೆದೆ, ಅಂಗಿ ತಂದೆ. ಅವರ ಕೈಗೆ ಕೊಟ್ಟು ಹೋಗಲಿಲ್ಲ. ಎದುರಿಗೇ ಸ್ಟೂಲು ಎಳೆದುಕೊಂಡು ಕೂತೆ, ಅವರ ಕೈ ನೋಡುತ್ತ. ಕಣ್ಣು ಮಂಜಾಗಿ ಸೂಜಿಗೆ ದಾರ ಹಾಕಲು ಆಗದ ವಯಸ್ಸು ಅವರಿಗೆ. ಆದರೂ ಬಲಗಡೆ ಕಾಲರಿನ ಒಂದೊಂದೇ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಎತ್ತಿದರು. ರೇಷ್ಮೆಯ ಒಂದು ಎಳೆಗೂ ಪೆಟ್ಟಾಗಲಿಲ್ಲ. ಒಳಗಿನಿಂದ ಕಪ್ಪು ತುಂಡು ಜಾರಿ ಮೇಜಿನ ಮೇಲೆ ಬಿತ್ತು.

ಅವರು ಅದನ್ನು ಮುಟ್ಟಲಿಲ್ಲ. "ನೀನೇ ನೋಡು ತಂಗಚ್ಚಿ" ಎಂದರು. ಬಾಗಿಲಿಗೆ ಹೋಗಿ ಬೀದಿಯ ಬಿಸಿಲಿಗೆ ಹಿಡಿದೆ.

ಬೆರಳು. ಉದ್ದಕ್ಕೆ ಮೂರು ಬೆರಳಿನ ಎಲುಬು, ಗೆಣ್ಣು ಗೆಣ್ಣಾಗಿ.

"ಕೈ ಮಾಸ್ಟ್ರೇ. ಯಾರದ್ದೋ ಕೈ."

ಗೋಡೆ ಹಿಡಿದುಕೊಂಡು ಎದ್ದು ಬಂದರು. ನನ್ನ ಭುಜದ ಪಕ್ಕ ನಿಂತು ತುಂಬ ಹೊತ್ತು ನೋಡಿದರು. ಅವರಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. "ಕೈ ಮುರ್ಕಂಡೋನು. ಸಾಯಲ್ಲ" ಎಂದರು. ಮತ್ತೆ, "ಹೊನ್ನೂರ್ ಕಡೆ ಎಲ್ಲೋ ಕಬ್ ಕಡೀತಾ ಇದ್ದಾನು" ಎಂದರು. ಜುಬ್ಬದ ತೋಳಿನಿಂದ ಮುಖ ಒರೆಸಿಕೊಂಡರು. ಅವರ ಸಂಕಟ ಅಷ್ಟು ವರ್ಷ ಬಾಗಿಲಿನ ಆಚೆಯೇ ಇತ್ತು, ಈಗ ನೋಡಿದೆ.

ಕೂತು ಆ ತುಂಡನ್ನು ಮತ್ತೆ ಕಾಲರಿನೊಳಗೇ ತೂರಿಸತೊಡಗಿದರು. ಬಿಸಾಡುವುದಲ್ಲವಾ ಎಂದೆ. "ಕಾಲರ್ ನಿಲ್ಬೇಕಲ್ಲ" ಎಂದರು. ಮುಚ್ಚಿ, ನನ್ನಿಂದ ಸೂಜಿಗೆ ದಾರ ಹಾಕಿಸಿಕೊಂಡು, ಹೊಲಿಯಲು ಶುರು ಮಾಡಿದರು.

"ಎಡಗಡೆಯದೂ ಬಿಚ್ಚಿ ಮಾಸ್ಟ್ರೇ."

"ಅದೂ ಇದೇ ಕಣ್ ತಂಗಚ್ಚಿ. ಒಂದೇ ಫಿಲ್ಮಲ್ಲಿ ಎರಡ್ನೂ ಕತ್ತರ್ಸಿದ್ದು."

ದನಿ ಮೆತ್ತಗಿತ್ತು. ಕಣ್ಣು ಸೂಜಿಯ ಮೇಲಿತ್ತು.

ಯಾವುದು ಯಾರ ಕಾಲರಿಗೆ ಹೋಯಿತೋ ಗೊತ್ತಿಲ್ಲ ಎಂದು ಈಗಷ್ಟೇ ಅಂದ ಬಾಯಿ ಅದು. ಹೊಲಿದು ಮುಗಿದ ಮೇಲೆ ದಾರವನ್ನು ನಾನೇ ಕತ್ತರಿಸಿದೆ. ಅಂಗಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಅವರು ಅದನ್ನು ಕೇಳಲೇ ಇಲ್ಲ. ಡ್ರಮ್ಸಿನವನ ಅಂಗಿಗೂ ಕಾಲರು ಹೊಲಿದು, ಬಸ್ಸು ಹತ್ತಿ ಹೋಗಿ ಯಳಂದೂರಿಗೆ ಕೊಟ್ಟು ಬಂದರು. ನಾಳೆ ಎಂದು ಹೇಳಿ ನಾಳೆಯೇ ಕೊಟ್ಟದ್ದು ಅದೊಂದು ಬಟ್ಟೆ ಇರಬೇಕು.

ಹೂವಿನವಳು ತಂದ ಸುದ್ದಿ ನಿಜವೇ ಎಂದು ನೋಡಲು ನಾನೇ ಅವರ ಹಳ್ಳಿಗೆ ಹೋದೆ. ನಿಜ. ಅಂಗಳದಲ್ಲಿ ಮಲಗಿಸಿದ್ದರು. ಟೇಪನ್ನು ಯಾರೋ ತೆಗೆದಿಟ್ಟಿದ್ದರು. ಅವರ ಬರಿ ಕೊರಳನ್ನು ನಾನು ನೋಡಿದ್ದು ಅದೇ ಮೊದಲು, ಸಣ್ಣ ಹುಡುಗನ ಕೊರಳಿನಂತೆ ತೆಳ್ಳಗಿತ್ತು. ನಾನು ಅತ್ತುಬಿಟ್ಟೆ. ಅಷ್ಟು ಅಳು ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಿ ತೆಗೆದು ಗಲ್ಲಾದ ಮೇಲೆ ಹರಡಿದೆ. ಅವರ ಕೋಣೆಯಿಂದ ಬ್ಲೇಡು ತಂದೆ. ಎಡಗಡೆ ಕಾಲರನ್ನು ಎರಡು ಬೆರಳಲ್ಲಿ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಒಳಗೆ ಬೆರಳಿದೆಯೋ ಪಕ್ಕೆಲುಬಿದೆಯೋ? ಒಂದು ಹೊಲಿಗೆ ಎತ್ತಿದರೆ ತಿಳಿಯುತ್ತದೆ. ಹುಟ್ಟಿದಾಗಿನಿಂದ ಎಲ್ಲವನ್ನೂ ಮಗುಚಿ ನೋಡಿದವಳು, ಬ್ಲೇಡು ಹಿಡಿದು ಕೂತೇ ಇದ್ದೆ.

ಆಗ ಬಾಗಿಲಲ್ಲಿ ಮೈಸೂರಿನ ಆ ಹುಡುಗಿ. ಅಂಗಿ ಕಂಡವಳೇ ಓಡಿಬಂದು ಕಾಲರನ್ನು ಸವರಿದಳು. "ಅಯ್ಯೋ ಎಷ್ಟ್ ಚೆನ್ನಾಗಿ ನಿಂತಿದೆ ಆಂಟಿ. ಇದನ್ನ ಕೊಡ್ತೀರಾ?"

ನಾನು ಬ್ಲೇಡನ್ನು ಗಲ್ಲಾದೊಳಗೆ ಹಾಕಿದೆ. ಅಂಗಿಯನ್ನು ಮಡಿಸುತ್ತ, ಅವಳ ಮುಖ ನೋಡದೆ ಹೇಳಿದೆ.

"ಎಲ್ಲಾ ಆಗೋಗದೆ ಕಣಮ್ಮ. ಕಾಜಾ ಒಂದ್ ಬಾಕಿ. ನಾಳೆ ಬಾ."